ಚಿಕ್ಕಪ್ಪ ಬಸ್ಸು ನಿಲ್ಲಿಸಿದ ಜಾಗ

ನನ್ನ ಮದುವೆಯ ಆರತಕ್ಷತೆಯಲ್ಲಿ ಚಿಕ್ಕಪ್ಪನನ್ನು ಗಂಡನ ಮನೆಯವರಿಗೆ ಪರಿಚಯಿಸುವಾಗ, "ಗಲ್ಫ್‌ನಲ್ಲಿ ಟ್ರಾನ್ಸ್‌ಪೋರ್ಟ್ ಲೈನ್‌ನಲ್ಲಿದ್ರು" ಎಂದೆ. ಸುಳ್ಳಲ್ಲ. ಆದರೆ ನಿಜಕ್ಕೆ ಇಸ್ತ್ರಿ ಹಾಕಿ ಹೇಳಿದ್ದೆ. ಚಿಕ್ಕಪ್ಪ ಮೈಸೂರಿನಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದವರು. ಆಮೇಲೆ, ಎಣ್ಣೆ ಸಿಕ್ಕ ಭರದಲ್ಲಿ ಮರಳಿನ ಮೇಲೆ ಊರೂರೇ ಕಟ್ಟುತ್ತಿದ್ದ ಒಂದು ಗಲ್ಫ್ ದೇಶಕ್ಕೆ ಹೋಗಿ, ಹನ್ನೊಂದು ವರ್ಷ ಕಟ್ಟಡದ ಕೂಲಿಯವರ ಬಸ್ಸು ಓಡಿಸಿದರು. ಬೆಳಿಗ್ಗೆ ಕ್ಯಾಂಪಿನಿಂದ ಕೆಲಸದ ಜಾಗಕ್ಕೆ, ಸಂಜೆ ಕೆಲಸದ ಜಾಗದಿಂದ ಕ್ಯಾಂಪಿಗೆ. ನನ್ನ ಮೊದಲ ಕ್ಯಾಲ್ಕ್ಯುಲೇಟರು ಬಂದದ್ದು ಅವರ ಸೂಟ್‌ಕೇಸಿನಿಂದ. ಅದರಲ್ಲಿ ಲೆಕ್ಕ ಮಾಡಿಯೇ ನಾನು ಸಿವಿಲ್ ಎಂಜಿನಿಯರಿಂಗ್ ಮುಗಿಸಿದೆ. ಆದರೂ ಅವತ್ತು ಗಂಡನ ಕಡೆಯ ಸಾಫ್ಟ್‌ವೇರ್ ನೆಂಟರ ಎದುರು 'ಡ್ರೈವರ್' ಎಂಬ ಮೂರಕ್ಷರ ನನ್ನ ಬಾಯಿಗೆ ಬರಲಿಲ್ಲ. ಚಿಕ್ಕಪ್ಪ ತಿದ್ದಲಿಲ್ಲ. ಎಲ್ಲರಿಗೂ ಕೈಮುಗಿದು ಊಟದ ಹಾಲಿನ ಕಡೆ ನಡೆದರು.

ಮದುವೆಯಾದ ಕೆಲವು ವರ್ಷಕ್ಕೆ ನಾವು ಸ್ಕಿಲ್ಡ್ ವೀಸಾದಲ್ಲಿ ಬ್ರಿಸ್ಬೇನಿಗೆ ಬಂದೆವು. ಎಯ್ಟ್ ಮೈಲ್ ಪ್ಲೇನ್ಸ್‌ನಲ್ಲಿ ಬಾಡಿಗೆ ಮನೆ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಟೆಕ್ನಾಲಜಿ ಪಾರ್ಕಿನಲ್ಲಿ, ರಸ್ತೆಗಳ ವಿನ್ಯಾಸ ಮಾಡುವ ಒಂದು ಸಂಸ್ಥೆಯಲ್ಲಿ ನನಗೆ ಕೆಲಸ ಸಿಕ್ಕಿತು. ರಸ್ತೆ ಎಂದರೆ ಜನರಿಗೆ ಟಾರು ಮಾತ್ರ ಕಾಣುತ್ತದೆ. ನನಗೆ ಕಾಣುವುದು ಅದರ ಕೆಳಗಿನ ಮೋರಿ. ಎಲ್ಲಿಂದ ನೀರು ಬರುತ್ತದೆ, ಎಷ್ಟು ಬರುತ್ತದೆ, ಅದು ರಸ್ತೆಯನ್ನು ಹೊತ್ತುಕೊಂಡು ಹೋಗದ ಹಾಗೆ ಎಷ್ಟು ದೊಡ್ಡ ದಾರಿ ಬಿಡಬೇಕು, ಇಷ್ಟೇ ನನ್ನ ವಿದ್ಯೆ. ನಾವು ಬಂದ ಹೊಸದರಲ್ಲೇ ಬ್ರಿಸ್ಬೇನಿನ ನದಿ ಉಕ್ಕಿ ಬೀದಿಬೀದಿಗೆ ನುಗ್ಗಿತ್ತು. ಹಾಗಾಗಿ ಆ ಊರಿನಲ್ಲಿ ನನ್ನ ಕೆಲಸ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗುತ್ತಿರಲಿಲ್ಲ.

ಆ ವರ್ಷಗಳಲ್ಲಿ ನಮ್ಮಂಥವರು ಭಾನುವಾರ ಪಾರ್ಕಿನಲ್ಲಿ ಬಾರ್ಬೆಕ್ಯೂ ಊಟಕ್ಕೆ ಸೇರಿದರೆ ಮಾತು ಗಲ್ಫ್ ಕಡೆಗೇ ತಿರುಗುತ್ತಿತ್ತು. ಪರ್ತ್‌ನ ಗಣಿ ಕೆಲಸಗಳು ಕಡಿಮೆಯಾಗುತ್ತಿದ್ದವು. ಅಲ್ಲಿನ ಹೊರವಲಯದ ಸದರ್ನ್ ರಿವರ್‌ನಲ್ಲಿ ಆಸೆಪಟ್ಟು ಮನೆ ಕಟ್ಟಿಸಿದ್ದವರು ಬಾಡಿಗೆಗೆ ಕೊಟ್ಟು ಹೊರಡುವ ಮಾತಾಡುತ್ತಿದ್ದರು. ಅತ್ತ ಗಲ್ಫ್‌ನಲ್ಲಿ ವಿಮಾನ ನಿಲ್ದಾಣ, ಮೆಟ್ರೋ, ಬಂದರು, ಮರುಭೂಮಿಯ ಉದ್ದಕ್ಕೂ ರೈಲು. ಎಣ್ಣೆ ಇರುವಷ್ಟು ದಿನ ಅಲ್ಲಿ ಕ್ರೇನು ಇಳಿಯುವುದಿಲ್ಲ ಎಂದು ಎಲ್ಲರೂ ನಂಬಿದ್ದೆವು. ನಮ್ಮ ಸಂಸ್ಥೆಗೂ ಅಲ್ಲಿನದೊಂದು ದೊಡ್ಡ ಕೆಲಸ ಬಂತು. ಬಂದರಿನಿಂದ ಒಳನಾಡಿನ ಕೈಗಾರಿಕಾ ಪಟ್ಟಣಕ್ಕೆ ಹೋಗುವ ಹಳೆಯ ಎರಡು ಪಥದ ರಸ್ತೆಯನ್ನು ಆರು ಪಥ ಮಾಡುವುದು, ಮೂರು ಮೇಲ್ಸೇತುವೆ, ಉದ್ದಕ್ಕೂ ದೀಪ, ನಡುವೆ ಖರ್ಜೂರದ ಸಾಲು. ಗಲ್ಫ್‌ನ ಗಡಿಯಾರಕ್ಕೆ ಹತ್ತಿರವೆಂದು ನಮ್ಮ ಸಂಸ್ಥೆಯ ಪರ್ತ್ ಕಚೇರಿ ಇಡೀ ಯೋಜನೆಯನ್ನು ನಡೆಸುತ್ತಿತ್ತು. ಮೋರಿಗಳ ಲೆಕ್ಕ ಬ್ರಿಸ್ಬೇನಿನಲ್ಲಿ ನನ್ನ ಮೇಜಿಗೆ ಬಂತು.

ದೇಶದ ಹೆಸರು ಕೇಳಿದಾಗ ಚಿಕ್ಕಪ್ಪ ಇದ್ದದ್ದು ಅಲ್ಲೇ ಅಲ್ಲವೇ ಎಂದು ಒಂದು ಕ್ಷಣ ಅನಿಸಿತ್ತು. ಫೋನು ಮಾಡಿ ಕೇಳಬೇಕೆಂದು ಅನಿಸಲಿಲ್ಲ. ಬಸ್ಸು ಓಡಿಸಿದವರಿಗೆ ಮೋರಿಯ ವಿಷಯ ಏನು ಗೊತ್ತು ಎಂಬುದು ಆಗ ನನ್ನ ತಿಳುವಳಿಕೆ.

ಚಿಕ್ಕಪ್ಪನ ಮಗಳು, ನನಗೆ ತಂಗಿ, ಅಡಿಲೇಡಿನಲ್ಲಿ ನರ್ಸ್. ಕಿಲ್ಬರ್ನ್‌ನಲ್ಲಿ ಅವಳ ಮನೆ. ಆ ವರ್ಷ ಚಿಕ್ಕಪ್ಪ, ಚಿಕ್ಕಮ್ಮ ಅವಳ ಬಾಣಂತನಕ್ಕೆಂದು ಬಂದವರು, ಮಗುವಿಗೆ ಐದು ತಿಂಗಳಾದ ಮೇಲೆ ಎರಡು ವಾರ ನಮ್ಮಲ್ಲಿಗೂ ಬಂದರು. ಚಿಕ್ಕಪ್ಪನಿಗೆ ಆಗ ಅರವತ್ತೇಳೋ ಅರವತ್ತೆಂಟೋ. ಬ್ರಿಸ್ಬೇನಿನಲ್ಲಿ ಅವರಿಗೆ ತುಂಬ ಹಿಡಿಸಿದ್ದು ಬಸ್ಸು. ಬರಿಯ ಬಸ್ಸುಗಳಿಗೆಂದೇ ಮಾಡಿದ ದಾರಿ ನೋಡಿ ದಿನವೂ ಸಿಟಿಗೆ ಹೋಗಿ ಬರುತ್ತಿದ್ದರು. ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತು ಅವನು ಓಡಿಸುವುದನ್ನೇ ನೋಡುತ್ತಿದ್ದರಂತೆ. "ಇವರಿಗೆ ಕ್ಲಚ್ಚೇ ಇಲ್ಲ ಕಣಮ್ಮ, ಕಾಲಿಗೆ ಸುಖ" ಎಂದು ಬಂದು ಹೇಳುತ್ತಿದ್ದರು.

ಒಂದು ದಿನ ಮಧ್ಯಾಹ್ನ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್. ನಮ್ಮ ನಕ್ಷೆಗಳನ್ನು ಹೊರಗಿನವರಿಗೆ ತೋರಿಸುವಂತಿರಲಿಲ್ಲ. ಆದರೆ ಆಗ ತೆರೆದಿದ್ದುದು ಇಂಟರ್ನೆಟ್ಟಿನಲ್ಲಿ ಯಾರಿಗೂ ಸಿಗುವ ಉಪಗ್ರಹದ ಚಿತ್ರ. ಚಿಕ್ಕಪ್ಪ ಟೀ ಲೋಟ ಹಿಡಿದು ಹಿಂದೆ ಬಂದು ನಿಂತರು.

"ಇದು ಹಳೇ ಪೋರ್ಟ್ ರೋಡ್ ಅಲ್ವೇನಮ್ಮ?"

ನಾನು ತಿರುಗಿ ನೋಡಿದೆ. "ಹೌದು ಚಿಕ್ಕಪ್ಪ. ಹೇಗೆ ಗೊತ್ತಾಯ್ತು?"

"ಗೊತ್ತಾಗ್ದೆ ಏನು? ದಿನಕ್ಕೆ ನಾಕು ಸಲ ಓಡಾಡಿದೀನಿ. ಇಲ್ನೋಡು, ಈ ಸರ್ಕಲ್‌ನಲ್ಲಿ ಆಳೆತ್ತರದ ಕಾಫಿ ಹೂಜಿ ಕಟ್ಟಿದ್ರು, ಸಿಮೆಂಟಿಂದು. ಇದು ಸಿಮೆಂಟ್ ಇಟ್ಟಿಗೆ ಮಾಡೋ ಬ್ಲಾಕ್ ಫ್ಯಾಕ್ಟರಿ. ಇದರ ಹಿಂದುಗಡೆ ನಮ್ಮ ಕ್ಯಾಂಪು." ಅವರ ಬೆರಳು ಪರದೆಯ ಮೇಲೆ ರಸ್ತೆಯ ಜೊತೆಗೇ ಬಗ್ಗುತ್ತ ಹೋಯಿತು. ಒಂದು ತಗ್ಗಿನಲ್ಲಿ ನಿಂತಿತು. "ಇಲ್ಲೇನು ಮಾಡ್ತಿದೀರ?"

ಆ ತಗ್ಗಿನ ಸ್ವಲ್ಪ ಉತ್ತರಕ್ಕೆ ಹಳೆಯ ಕೊಳವೆಯ ಮೋರಿ ಇತ್ತು. ಗುಡ್ಡದಿಂದ ಇಳಿಯುವ ಒಣಹಳ್ಳಕ್ಕೆ ಅಲ್ಲಿನವರು ವಾದಿ ಎನ್ನುತ್ತಾರೆ. ನಮ್ಮ ಕಂಪ್ಯೂಟರ್ ಲೆಕ್ಕದ ಪ್ರಕಾರ ಆ ಭಾಗದ ವಾದಿಯ ನೀರೆಲ್ಲ ಆ ಮೋರಿಗೆ ಬರಬೇಕು. ಅದನ್ನೇ ಸ್ವಲ್ಪ ದೊಡ್ಡದು ಮಾಡಿದರೆ ಸಾಕು ಎಂದು ನಾನು ಬರೆದು ಮುಗಿಸಿದ್ದೆ. ಅದನ್ನು ಹೇಳಿದೆ.

ಚಿಕ್ಕಪ್ಪ ತಲೆ ಅಲ್ಲಾಡಿಸಿದರು. "ಆ ಪೈಪಲ್ಲಿ ನಾಯಿಗಳು ಮಲಗ್ತಿದ್ವು. ನೀರು ಅಲ್ಲಿ ಬರಲ್ಲ. ಇಲ್ಲಿ ಬರುತ್ತೆ, ಈ ತಗ್ಗಲ್ಲಿ. ಬ್ಲಾಕ್ ಫ್ಯಾಕ್ಟರಿ ಹಿಂದಿನಿಂದ."

"ಅದು ಬೇರೆ ವಾದಿ ಚಿಕ್ಕಪ್ಪ. ಮಧ್ಯ ದಿಣ್ಣೆ ಇದೆ. ಆ ನೀರು ಪೂರ್ವಕ್ಕೆ ಹೋಗಿಬಿಡುತ್ತೆ."

"ಕಂಪ್ಯೂಟರ್ ಹೇಳುತ್ತಾ?"

"ಹೂಂ."

"ಇರಬಹುದು. ನಾನು ನೋಡಿದ್ದು ಹೇಳ್ದೆ" ಎಂದು ಅವರು ಲೋಟ ತೊಳೆಯಲು ಹೋದರು. ಹಟವಿರಲಿಲ್ಲ, ಬೇಸರವೂ ಇರಲಿಲ್ಲ. ನನಗೆ ಮುಂದೆ ಕೆಲಸ ಸಾಗಲಿಲ್ಲ. ಹಿಂದೆಯೇ ಅಡುಗೆಮನೆಗೆ ಹೋಗಿ, "ಏನು ನೋಡಿದ್ರಿ?" ಎಂದು ಕೇಳಿದೆ.

ಚಿಕ್ಕಮ್ಮ ಅಲ್ಲೇ ಹುರುಳಿಕಾಯಿ ಬಿಡಿಸುತ್ತ ಕೂತಿದ್ದರು. ನನ್ನ ಒಂಬತ್ತು ವರ್ಷದ ಮಗಳು ಆಗಷ್ಟೇ ಶಾಲೆಯಿಂದ ಬಂದಿದ್ದಳು. ಚಿಕ್ಕಪ್ಪ ಲೋಟ ಒರೆಸುತ್ತಲೇ ಹೇಳತೊಡಗಿದರು.

ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ ನಲವತ್ತು ಜನ. ಬಿಹಾರದವರು, ಆಂಧ್ರದವರು, ಬಾಂಗ್ಲಾದವರು, ನಮ್ಮ ಗುಲ್ಬರ್ಗದ ಕಡೆಯ ಇಬ್ಬರು. ಮುಂದಿನ ಸೀಟಿನಲ್ಲಿ ಸೂಪರ್‌ವೈಸರ್. ರಸ್ತೆಯ ಮೇಲೆ ಒಂದು ಹನಿ ಮಳೆಯಿಲ್ಲ, ಬಿಸಿಲು ಕಾಯುತ್ತಿದೆ. ದೂರದ ಗುಡ್ಡದ ಮೇಲೆ ಮಾತ್ರ ಕಪ್ಪು ಮೋಡ.

"ಬಟ್ ತಾತ, ಇಟ್ಸ್ ಎ ಡೆಸರ್ಟ್, ರೈಟ್?" ಎಂದಳು ಮಗಳು.

"ಅದಕ್ಕೇ ಪುಟ್ಟಿ ಅಪಾಯ. ಅಲ್ಲಿ ನೆಲ ನೀರು ಕುಡಿಯಲ್ಲ. ಬಂಡೆ ಮೇಲೆ ಬಿದ್ದಂಗೆ ಎಲ್ಲ ಹರ್ಕೊಂಡು ಬರುತ್ತೆ. ಆ ತಗ್ಗಿನ ಹತ್ರ ಬಂದಾಗ ರೋಡಿನ ಮೇಲೆ ಒಂದು ಗೆರೆ ಕಾಣಿಸ್ತು. ಮುಳ್ಳುಕಡ್ಡಿ, ನೊರೆ, ಪ್ಲಾಸ್ಟಿಕ್ ಕವರು, ಎಲ್ಲ ಸೇರ್ಕೊಂಡು ರೋಡ್ ದಾಟ್ತಾ ಇತ್ತು. ನೀರು ಅಂದ್ರೆ ಪಾದ ಮುಳುಗೋಷ್ಟೂ ಇಲ್ಲ. ನನಗ್ಯಾಕೋ ಆ ಗೆರೆ ಸರಿ ಬರ್ಲಿಲ್ಲ. ಬಸ್ ನಿಲ್ಲಿಸ್ಬಿಟ್ಟೆ."

ಸೂಪರ್‌ವೈಸರ್ ಹೋಗು ಹೋಗು ಎಂದು ಕೂಗಾಡಿದನಂತೆ. ಅವತ್ತು ಕಾಂಕ್ರೀಟ್ ಹಾಕುವ ದಿನ, ತಡವಾಗುವಂತಿಲ್ಲ. ಚಿಕ್ಕಪ್ಪ ಕೀ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು. ಅವನು ಕೈ ಹಾಕಿ ಕಿತ್ತುಕೊಳ್ಳಲು ಬಂದಾಗ ಬಸ್ಸಿನಿಂದ ಇಳಿದು ನಿಂತರು. ಹಿಂದಿನಿಂದ ಬಂದ ಪಿಕಪ್ ಗಾಡಿಯೊಂದು ಹಾರ್ನ್ ಹೊಡೆದು ಇವರನ್ನು ದಾಟಿ ತಗ್ಗಿಗೆ ಇಳಿಯಿತು. ಅಷ್ಟರಲ್ಲಿ ಬಲಗಡೆಯಿಂದ ನೀರು ಬಂತು.

"ಹ್ಯಾಗೆ ಬಂತು ಅಂದ್ರೆ, ಗೋಡೆ ನಡ್ಕೊಂಡು ಬಂದಂಗೆ. ಪಿಕಪ್ ಅಡ್ಡ ತಿರುಗ್ತು, ಹೋಗೇಹೋಯ್ತು. ಡ್ರೈವರ್ ಕಿಟಕಿಯಿಂದ ಹೊರಗೆ ಬಂದು ಒಂದು ಮರ ಹಿಡ್ಕೊಂಡಿದ್ದ. ನಮ್ಮ ಬಸ್ಸಲ್ಲಿ ಸಾರುವೆ ಕಟ್ಟೋ ಹಗ್ಗ ಇತ್ತು. ಹುಡುಗ್ರು ಎಸೆದು ಎಳ್ಕೊಂಡ್ರು. ಬದುಕಿದ. ಆಮೇಲೆ ಆ ಸೂಪರ್‌ವೈಸರ್ ನನ್ನ ಹತ್ರ ಮಾತಾಡ್ಲಿಲ್ಲ. ಕೆಲ್ಸಕ್ಕೆ ತಡ ಮಾಡ್ದೆ ಅಂತ ಎರಡು ತಿಂಗಳು ನನ್ನ ನೀರಿನ ಟ್ಯಾಂಕರ್‌ಗೆ ಹಾಕಿದ್ರು. ಅಷ್ಟೇ."

ಚಿಕ್ಕಮ್ಮನ ಕೈಯಲ್ಲಿ ಹುರುಳಿಕಾಯಿ ಹಾಗೇ ಇತ್ತು. "ಇಷ್ಟು ವರ್ಷ ಆಯ್ತು, ನನಗೊಂದು ಮಾತು ಹೇಳ್ಲಿಲ್ವಲ್ರೀ ನೀವು" ಎಂದರು.

"ಕಾಗದದಲ್ಲಿ ಏನಂತ ಬರೀಲಿ? ಬರೆದಿದ್ರೆ ನೀನು ವಾಪಸ್ ಬನ್ನಿ ಅಂತಿದ್ದೆ."

"ಅಂತಿದ್ದೆ. ಅನ್ನಬಾರದಾ?" ಚಿಕ್ಕಮ್ಮ ಎದ್ದು ಹಿತ್ತಲ ಬಾಗಿಲಿನ ಕಡೆ ಹೋದರು. ಆ ಸಂಜೆಯೆಲ್ಲ ಅವರು ಗಂಡನ ಜೊತೆ ಮಾತಾಡಲಿಲ್ಲ. ಆದರೆ ಊಟಕ್ಕೆ ಅವರಿಗೆ ಇಷ್ಟವಾದ ಹುರುಳಿಕಾಯಿ ಪಲ್ಯವನ್ನೇ ಮಾಡಿ, ಅವರ ತಟ್ಟೆಗೆ ಎರಡು ಸಲ ಬಡಿಸಿದರು.

ಮಾರನೆಯ ದಿನ ಕಚೇರಿಯಲ್ಲಿ ಆ ದಿಣ್ಣೆಯನ್ನು ಮತ್ತೆ ತೆರೆದು ನೋಡಿದೆ. ನಮಗೆ ಕೊಟ್ಟಿದ್ದ ನೆಲದ ಎತ್ತರದ ಮಾಹಿತಿ ಒರಟಾಗಿತ್ತು. ಇಲ್ಲೊಂದು ಚುಕ್ಕೆ, ಬಹಳ ದೂರದಲ್ಲಿ ಇನ್ನೊಂದು ಚುಕ್ಕೆ. ನಡುವಿನದನ್ನು ಕಂಪ್ಯೂಟರ್ ಊಹಿಸಿ ತುಂಬಿತ್ತು. ಆ ಎರಡು ಚುಕ್ಕೆಗಳ ಮಧ್ಯೆ ದಿಣ್ಣೆ ತಗ್ಗಿದ್ದರೆ, ಜೋರು ಮಳೆಯಲ್ಲಿ ಪೂರ್ವದ ವಾದಿ ಅಲ್ಲಿಂದ ಉಕ್ಕಿ ನಮ್ಮ ರಸ್ತೆಗೇ ಬರುತ್ತದೆ. ಆರು ಪಥದ ಎತ್ತರದ ರಸ್ತೆ ಕಟ್ಟಿ ಅಲ್ಲಿ ಮೋರಿ ಇಡದಿದ್ದರೆ, ನೀರಿಗೆ ನಾವೇ ಅಣೆಕಟ್ಟು ಕಟ್ಟಿಕೊಟ್ಟ ಹಾಗೆ. ಅದು ಒಡೆದರೆ ಮೇಲಿರುವವರ ಗತಿ ಏನು? ನನ್ನ ಸಹಿ ಬಿದ್ದ ವರದಿ ಆಗಲೇ ಹೊರಡಲು ಸಿದ್ಧವಾಗಿತ್ತು.

ನನ್ನ ಮೇಲಿನ ಅಧಿಕಾರಿ ಕ್ವೀನ್ಸ್‌ಲ್ಯಾಂಡಿನ ಒಳನಾಡಿನಲ್ಲಿ ರಸ್ತೆ ಹಾಕಿಸುತ್ತಲೇ ತಲೆ ನೆರೆತ ಮನುಷ್ಯ. ಅವರ ಬಳಿ ಹೋಗಿ, ಅಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವರೊಬ್ಬರು ಹೀಗೆ ಹೇಳುತ್ತಿದ್ದಾರೆ ಎಂದೆ. ಯಾವ ಸಂಸ್ಥೆಯ ಎಂಜಿನಿಯರ್ ಎಂದು ಅವರು ಕೇಳಿದರು. ಮತ್ತೆ ಆರತಕ್ಷತೆಯ ಸಾಲಿನಲ್ಲೇ ನಿಂತಂತಾಯಿತು. ಈ ಸಲ ಇದ್ದದ್ದನ್ನೇ ಹೇಳಿದೆ. ಎಂಜಿನಿಯರ್ ಅಲ್ಲ, ಕೂಲಿಯವರ ಬಸ್ಸಿನ ಡ್ರೈವರ್. ನನ್ನ ತಂದೆಯ ತಮ್ಮ.

ಅವರು ನಗುತ್ತಾರೆ ಎಂದುಕೊಂಡಿದ್ದೆ. ಕುರ್ಚಿ ಎಳೆದು ಕೂರಲು ಹೇಳಿದರು. ಒಳನಾಡಿನಲ್ಲಿ ತಾವು ಯಾವ ಹಳ್ಳದ ಮೇಲೆ ಕೆಲಸ ಶುರು ಮಾಡುವ ಮುನ್ನವೂ ಮಣ್ಣಿನ ರಸ್ತೆ ಸಮ ಮಾಡುವ ಯಂತ್ರದವನನ್ನೇ ಮೊದಲು ಹುಡುಕಿಕೊಂಡು ಹೋಗುತ್ತಿದ್ದುದಾಗಿ ಹೇಳಿದರು. ನೀರು ಎಲ್ಲಿ ಬರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುತ್ತಿರಲಿಲ್ಲವಂತೆ. "ವರದಿ ತಡೆದಿಡು, ಅಲ್ಲಿಯ ಎತ್ತರ ಅಳೆಸೋಣ" ಎಂದರು.

ಅಳೆಸುವುದು ಸುಲಭವಾಗಲಿಲ್ಲ. ಗಲ್ಫ್ ಸರ್ಕಾರದ ಪರವಾಗಿ ನಮ್ಮ ನಕ್ಷೆಗಳನ್ನು ಪರಿಶೀಲಿಸುತ್ತಿದ್ದ ಹಿರಿಯ ಎಂಜಿನಿಯರೊಬ್ಬರಿದ್ದರು. ಅಲ್ಲಿಯವರೇ, ಕಡಿಮೆ ಮಾತಿನವರು. ವಾರಕ್ಕೊಮ್ಮೆ ನಮ್ಮ ಮಧ್ಯಾಹ್ನಕ್ಕೆ, ಅವರ ಬೆಳಗಿನ ಹೊತ್ತಿಗೆ, ಫೋನಿನಲ್ಲಿ ಸಭೆ. ವಿಷಯ ಹೇಳಿದಾಗ ಅವರು, ನೆನಪು ಮಾಹಿತಿಯಾಗುವುದಿಲ್ಲ ಎಂದರು. ಅದರಲ್ಲಿ ತಪ್ಪೂ ಇರಲಿಲ್ಲ. ಆದರೆ ಸರ್ವೆ ತಂಡ ಹೇಗೂ ಆ ಕಡೆ ಹೋಗುವುದಿದೆ, ನಾಲ್ಕು ಕಡೆ ಎತ್ತರ ನೋಡಲು ಹೇಳುತ್ತೇನೆ ಎಂದು ಒಪ್ಪಿಕೊಂಡರು. ಮೂರು ವಾರವಾದ ಮೇಲೆ ಅಂಕಿಗಳು ಬಂದವು. ದಿಣ್ಣೆ ನಮ್ಮ ಮಾಹಿತಿಗಿಂತ ಎರಡು ಆಳು ತಗ್ಗು. ಚಿಕ್ಕಪ್ಪ ಬೆರಳಿಟ್ಟ ಜಾಗದ ನೇರಕ್ಕೇ ಇತ್ತು.

ಆ ತಗ್ಗಿಗೆ ಏಳು ಕಂಡಿಗಳ ಕಾಂಕ್ರೀಟ್ ಮೋರಿ ಬರೆದೆ. ಒಂದೊಂದು ಕಂಡಿಯಲ್ಲೂ ಲಾರಿ ಹೋಗಬಹುದು, ಅಷ್ಟು ದೊಡ್ಡವು. ಕಿಲ್ಬರ್ನ್‌ಗೆ ಫೋನು ಮಾಡಿ ಹೇಳಿದಾಗ ಚಿಕ್ಕಪ್ಪ, "ಹಂಗಾ? ಒಳ್ಳೇದಾಯ್ತು ಬಿಡು" ಎಂದು ಮೊಮ್ಮಗುವಿನ ಮಾತಿಗೆ ಹೊರಳಿಕೊಂಡರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಎಣ್ಣೆಯ ಬೆಲೆ ಬಿತ್ತು. ದಶಕದ ನಡುವಿನ ಆ ತಿಂಗಳುಗಳು ನೆನಪಿವೆ. ಪಾರ್ಕಿನಲ್ಲಿ ಗಲ್ಫ್ ಗಲ್ಫ್ ಎನ್ನುತ್ತಿದ್ದವರು ಒಬ್ಬೊಬ್ಬರೇ ಸುಮ್ಮನಾದರು. ಅಲ್ಲಿ ಶುರುವಾಗಿದ್ದ ಕೆಲಸಗಳು ನಿಧಾನವಾದವು, ಶುರುವಾಗದವು ಮುಂದಕ್ಕೆ ಹೋದವು. ನಮ್ಮ ರಸ್ತೆಗೂ ಕತ್ತರಿ ಹಾಕುವ ಪಟ್ಟಿ ಬಂತು. ಒಂದು ಮೇಲ್ಸೇತುವೆ, ಅರ್ಧದಷ್ಟು ದೀಪ, ಖರ್ಜೂರದ ಸಾಲು. ನಾಲ್ಕನೆಯ ಸಾಲಿನಲ್ಲಿ ನನ್ನ ಏಳು ಕಂಡಿಗಳ ಮೋರಿ. ಎದುರಿಗೆ ಒಂದು ಪ್ರಶ್ನೆ: ಇಲ್ಲಿ ನೀರು ಬಂದದ್ದಕ್ಕೆ ಯಾವ ದಾಖಲೆ ಇದೆ? ದಿಣ್ಣೆ ತಗ್ಗಿರುವುದು ನಿಜ. ಆದರೆ ಅದನ್ನು ಹತ್ತಿ ಉಕ್ಕುವಷ್ಟು ನೀರು ಬರುತ್ತದೆಂದು ಬರಿಯ ಲೆಕ್ಕ ಹೇಳಿದರೆ ಸಾಲದು ಎಂಬುದು ಅದರ ಅರ್ಥ. ಪರ್ತ್‌ನಲ್ಲಿ ಎರಡು ದಿನದ ಸಭೆ ಕರೆದರು. ಪರಿಶೀಲನೆಯ ಎಂಜಿನಿಯರ್ ಖುದ್ದಾಗಿ ಬರುವವರಿದ್ದರು.

ನಾನು ಎರಡು ದಿನ ಮುಂಚೆಯೇ ಹೊರಟು ಅಡಿಲೇಡಿನಲ್ಲಿ ಇಳಿದೆ. ಚಿಕ್ಕಪ್ಪನ ಹೇಳಿಕೆಯನ್ನು ಬರೆದುಕೊಳ್ಳಬೇಕಿತ್ತು. ಅವರ ವೀಸಾ ಮುಗಿಯಲು ಇನ್ನು ಕೆಲವೇ ದಿನ ಉಳಿದಿತ್ತು. ಶನಿವಾರ ಬೆಳಿಗ್ಗೆ ತಂಗಿ ಡ್ಯೂಟಿಗೆ ಹೋಗಿದ್ದಳು. ಮನೆಯ ಹಿಂದಿನ ಅಂಗಳದಲ್ಲಿ ಚಿಕ್ಕಪ್ಪ ಮಗುವಿನ ಗಾಡಿಯನ್ನು ತೂಗುತ್ತ ಕೂತಿದ್ದರು. ಆ ಕಡೆಯೆಲ್ಲ ಹಳೆಯ ಕಾರ್ಖಾನೆಗಳು. ಆಗಾಗ ಕಬ್ಬಿಣ ಬಡಿಯುವ ಸದ್ದು ಕೇಳುತ್ತಿತ್ತು. ನಾನು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಮೊದಲು ಕನ್ನಡದಲ್ಲಿ ಬರೆದುಕೊಂಡೆ.

"ನೀರು ಎಷ್ಟೊತ್ತು ಇತ್ತು? ಮೂರು ಗಂಟೆ ಅಂತ ಬರೀಲಾ?"

"ಬೇಡ. ಗಡಿಯಾರ ನೋಡಿರ್ಲಿಲ್ಲ. ಹುಡುಗ್ರು ಮಧ್ಯಾಹ್ನದ ಡಬ್ಬಿ ತೆಗೆಯೋ ಹೊತ್ತಿಗೆ ಇಳೀತು ಅಂತ ಬರಿ."

"ಆಳ ಎಷ್ಟಿತ್ತು?"

"ಅದು ಹ್ಯಾಗೆ ಹೇಳ್ಲಿ? ಇಳಿದು ನೋಡೋಕಾಗುತ್ತಾ?" ಅವರು ಗಾಡಿ ತೂಗುವುದನ್ನು ನಿಲ್ಲಿಸಿದರು. "ಕಿಲೋಮೀಟರ್ ಕಲ್ಲಿತ್ತಲ್ಲ, ಅದು ಮುಳುಗಿತ್ತು. ಮೇಲ್ಗಡೆ ಹಳದಿ ಬಣ್ಣ ಬಳಿದಿರ್ತಾರೆ ನೋಡು, ಅದೊಂದು ಕಾಣ್ತಿತ್ತು."

ನನ್ನ ಪೆನ್ನು ನಿಂತಿತು. "ಯಾವ ಕಲ್ಲು ಚಿಕ್ಕಪ್ಪ?"

"ಹೂಜಿ ಸರ್ಕಲ್ ಆದ್ಮೇಲೆ ಮೂರನೇದು. ತಗ್ಗಿನ ಆಚೆ ದಡದಲ್ಲಿ. ನಾನು ಅದನ್ನೇ ನೋಡ್ತಾ ನಿಂತಿದ್ದೆ, ಹಳದಿ ಮುಳುಗಿದ್ರೆ ಬಸ್ಸು ಹಿಂದಕ್ಕೆ ತಗೊಳ್ಳೋಣ ಅಂತ. ಮುಳುಗ್ಲಿಲ್ಲ."

ಅಷ್ಟು ಜನ ಕೂಗಾಡುತ್ತಿರುವಾಗ, ಎದುರಿಗೆ ಒಬ್ಬನು ಮರ ಹಿಡಿದು ನೇತಾಡುತ್ತಿರುವಾಗ, ಈ ಮನುಷ್ಯ ಒಂದು ಕಲ್ಲನ್ನು ಗುರುತಾಗಿಟ್ಟುಕೊಂಡು ನೀರನ್ನು ಅಳೆಯುತ್ತಿದ್ದರು. ನಮ್ಮ ಕಸುಬಿನಲ್ಲಿ ಪ್ರವಾಹ ಏರಿದ ಗುರುತು ಸಿಗುವುದೆಂದರೆ ದೊಡ್ಡ ವಿಷಯ. ಕಲ್ಲಿನ ಎತ್ತರ ಗೊತ್ತಾದರೆ ನೀರಿನ ಆಳ ಗೊತ್ತು. ಆಳ ಗೊತ್ತಾದರೆ, ತಗ್ಗಿನ ಅಗಲದಿಂದ ಎಷ್ಟು ನೀರು ಹರಿಯಿತೆಂದು ಲೆಕ್ಕ ಹಾಕಬಹುದು. ಆ ರಸ್ತೆಯ ಹಳೆಯ ನಕ್ಷೆಗಳು ನಮ್ಮಲ್ಲಿದ್ದವು, ಅವುಗಳಲ್ಲಿ ಕಿಲೋಮೀಟರ್ ಕಲ್ಲಿನ ಅಳತೆಯೂ ಇತ್ತು. ಅಲ್ಲೇ ಅಂಗಳದಲ್ಲಿ, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಲೆಕ್ಕ ಮಾಡಿದೆ. ನಾನು ಮೊದಲು ಬರೆದಿದ್ದ ನೀರಿನ ಅಂಕಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಎರಡನೆಯ ಸಲ ಮಾಡಿದೆ. ಮೂರನೆಯ ಸಲವೂ ಮಾಡಿದೆ.

ಹೇಳಿಕೆಯನ್ನು ಇಂಗ್ಲಿಷಿಗೆ ತಿರುಗಿಸಿ, ಅವರಿಗೆ ಸಾಲುಸಾಲಾಗಿ ಕನ್ನಡದಲ್ಲಿ ವಿವರಿಸಿದೆ. ಕೊನೆಯಲ್ಲಿ ಸಹಿಯ ಜಾಗದ ಕೆಳಗೆ ಉದ್ಯೋಗ ಬರೆಯಬೇಕಿತ್ತು. "ಏನಂತ ಹಾಕ್ಲಿ ಚಿಕ್ಕಪ್ಪ?"

"ಡ್ರೈವರ್ ಅಂತ್ಲೇ ಹಾಕು. ಬೇರೆ ಏನಾದ್ರೂ ಹಾಕಿದ್ರೆ ನೀನ್ಯಾಕೆ ಅಲ್ಲಿದ್ದೆ ಅಂತ ಕೇಳ್ತಾರೆ" ಎಂದು ಕನ್ನಡದಲ್ಲಿ, ದುಂಡಗೆ ಸಹಿ ಹಾಕಿದರು. ಆಮೇಲೆ ನನ್ನ ಮುಖ ನೋಡಿ, "ಹೋಗಿ ಗಟ್ಟಿಯಾಗಿ ಮಾತಾಡು. ಹೆದರ್ಕೋಬೇಡ" ಎಂದರು.

ಪರ್ತ್‌ನ ಸಭೆಯಲ್ಲಿ ಮೊದಲ ದಿನವೆಲ್ಲ ಮೇಲ್ಸೇತುವೆಯ ಮಾತೇ ಆಯಿತು. ನನ್ನ ಸರದಿ ಬಂದದ್ದು ಎರಡನೆಯ ದಿನ ಊಟದ ನಂತರ. ಪರಿಶೀಲನೆಯ ಎಂಜಿನಿಯರ್ ನೋಡಲು ನನ್ನ ಊಹೆಗಿಂತ ವಯಸ್ಸಾದವರು, ಬಿಳಿ ಗಡ್ಡ, ಎದುರಿಗೆ ಸಕ್ಕರೆಯಿಲ್ಲದ ಕಪ್ಪು ಚಹಾ. ಹೇಳಿಕೆಯನ್ನು ಎರಡು ಸಲ ಓದಿದರು. ಇವರು ನಿಮಗೆ ಏನಾಗಬೇಕು ಎಂದು ಕೇಳಿದರು. ಚಿಕ್ಕಪ್ಪ ಎಂದೆ. ನಿಮ್ಮ ಮನೆಯವರಾದ್ದರಿಂದ ನಾನು ಇದನ್ನು ನಂಬಬೇಕೋ, ನಂಬಬಾರದೋ ಎಂದರು. ಕೋಣೆಯಲ್ಲಿ ಒಂದಿಬ್ಬರು ನಕ್ಕರು.

"ನನ್ನ ಚಿಕ್ಕಪ್ಪನನ್ನು ನಂಬುವುದು ಬೇಡ" ಎಂದೆ. ಧ್ವನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಕಲ್ಲನ್ನು ನಂಬಿ. ಅದು ಇನ್ನೂ ಅಲ್ಲೇ ಇರಬಹುದು. ಅವರು ಹನ್ನೊಂದು ವರ್ಷ ಬಸ್ಸು ಓಡಿಸಿದ ಡ್ರೈವರ್. ಅವತ್ತು ನಲವತ್ತು ಜನರನ್ನು ಕೂರಿಸಿಕೊಂಡು ಅವರು ನೋಡುತ್ತ ನಿಂತದ್ದು ಅದೊಂದನ್ನೇ."

ಅವರು ಹೇಳಿಕೆಯನ್ನು ಪಕ್ಕಕ್ಕಿಟ್ಟರು. ಹಳೆಯ ನಕ್ಷೆ ತರಿಸಿ, ಮೂರನೆಯ ಕಲ್ಲಿನ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿದರು. ತಮ್ಮ ಕ್ಯಾಲ್ಕ್ಯುಲೇಟರ್ ತೆಗೆದು ತಾವೇ ಲೆಕ್ಕ ಹಾಕಿದರು. ನಾವೆಲ್ಲ ಕಾದು ಕೂತಿದ್ದೆವು. ಕಾಗದವನ್ನು ನನ್ನ ಕಡೆ ತಿರುಗಿಸಿ ಸರಿಸಿದರು. ಐದು ಕಂಡಿ, ಏಳಲ್ಲ, ಎಂದರು. ನಾನು ಏಳಕ್ಕೇ ಹಟ ಹಿಡಿಯಬಹುದಿತ್ತು. ಅವರ ಲೆಕ್ಕವನ್ನು ನೋಡಿದೆ, ಸರಿಯಾಗಿಯೇ ಇತ್ತು. ನೀರಿನ ಅಂಕಿ ಅದೇ, ನಾನೇ ಭಯಕ್ಕೆ ಎರಡು ಕಂಡಿ ಹೆಚ್ಚು ಬರೆದಿದ್ದೆ. ಒಪ್ಪಿಕೊಂಡೆ. ಎದ್ದು ಹೋಗುವಾಗ ಅವರು ನಿಮ್ಮ ಚಿಕ್ಕಪ್ಪ ಈಗ ಎಲ್ಲಿದ್ದಾರೆ ಎಂದು ಕೇಳಿ, ನನ್ನ ಸಲಾಮು ತಿಳಿಸಿ ಎಂದರು.

ಮೇಲ್ಸೇತುವೆ ಹೋಯಿತು, ಖರ್ಜೂರ ಹೋಯಿತು, ದೀಪಗಳು ಅರ್ಧವಾದವು. ಮೋರಿ ಉಳಿಯಿತು. ಬ್ರಿಸ್ಬೇನಿನ ನಮ್ಮ ವಿಭಾಗವೂ ಸೊರಗಿತು. ಅಕ್ಕಪಕ್ಕದ ಮೇಜುಗಳು ಖಾಲಿಯಾದವು. ಮರು ವರ್ಷ ನನಗೆ ಅಡಿಲೇಡಿನಲ್ಲಿ ಕೆಲಸ ಸಿಕ್ಕಿ, ಗಂಡನೂ ಅಲ್ಲಿಗೇ ವರ್ಗ ಕೇಳಿ ಪಡೆದು, ಕಿಲ್ಬರ್ನ್‌ಗೆ ಹತ್ತು ನಿಮಿಷದ ದೂರದಲ್ಲಿ ಮನೆ ಮಾಡಿದೆವು. ಅತ್ತ ರಸ್ತೆ ಕುಂಟುತ್ತ ಸಾಗಿತು. ಕೆಲಸ ನಿಲ್ಲುವುದು, ಮತ್ತೆ ಶುರುವಾಗುವುದು. ನಾನು ಆ ಸಂಸ್ಥೆಯನ್ನು ಬಿಟ್ಟಿದ್ದರೂ ಹಳೆಯ ಅಧಿಕಾರಿ ಆಗಾಗ ಸುದ್ದಿ ಕಳಿಸುತ್ತಿದ್ದರು.

ದಶಕದ ಕೊನೆಗೆ ಒಂದು ದಿನ ಅವರಿಂದ ವಿಡಿಯೊ ಬಂತು. ಅಲ್ಲಿನ ಸೈಟಿನವರು ತೆಗೆದದ್ದು. ಗುಡ್ಡದ ಕಡೆ ದೊಡ್ಡ ಮಳೆಯಾಗಿದೆ, ಬ್ಲಾಕ್ ಫ್ಯಾಕ್ಟರಿಯ ಹಿಂದಿನಿಂದ ಕೆಂಪು ನೀರು ಬರುತ್ತಿದೆ. ಐದು ಕಂಡಿಗಳಲ್ಲೂ ಮುಕ್ಕಾಲು ತುಂಬಿ, ಮುಳ್ಳಿನ ಪೊದೆಗಳನ್ನು ಉರುಳಿಸಿಕೊಂಡು ಆಚೆಗೆ ಹಾರುತ್ತಿದೆ. ಮೇಲೆ ಲಾರಿಗಳು, ಕಾರುಗಳು, ಸಾಲಾಗಿ ಬಿಳಿ ಬಸ್ಸುಗಳು ತಮ್ಮ ಪಾಡಿಗೆ ತಾವು ಹೋಗುತ್ತಿವೆ. ಯಾವ ಬಸ್ಸೂ ನಿಧಾನ ಮಾಡಲಿಲ್ಲ.

ಚಿಕ್ಕಪ್ಪ ಆಗ ಮತ್ತೆ ಬಂದಿದ್ದರು, ತಂಗಿಯ ಎರಡನೆಯ ಮಗುವಿಗೆ. ಕೆಲಸದಿಂದ ನೇರವಾಗಿ ಅವಳ ಮನೆಗೆ ಹೋದೆ. ಫೋನನ್ನು ಟಿವಿಗೆ ಜೋಡಿಸಿದೆವು. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಸೋಫಾದ ತುದಿಗೆ ಬಂದು ಕೂತರು. ಚಿಕ್ಕಮ್ಮ ಅವರ ಹಿಂದೆ ನಿಂತು ಅವರ ಭುಜದ ಮೇಲೆ ಕೈಯಿಟ್ಟಿದ್ದರು. ವಿಡಿಯೊ ಮುಗಿಯಿತು. ಶಾಲೆ ಮುಗಿಸಿ ಆಗಲೇ ಅಲ್ಲಿಗೆ ಬಂದಿದ್ದ ಹದಿಮೂರರ ನನ್ನ ಮಗಳು, "ತಾತ, ಯು ಡಿಡ್ ದಟ್" ಎಂದಳು.

"ನಾನೇನು ಮಾಡ್ದೆ ಪುಟ್ಟಿ, ನಿಮ್ಮಮ್ಮ ಮಾಡಿದ್ದು."

"ನಾನು ಬರೆದದ್ದು ಚಿಕ್ಕಪ್ಪ. ಕಟ್ಟಿದ್ದು ಅಲ್ಲಿನ ಕೂಲಿಯವರು."

"ಅದು ಸರಿ" ಎಂದರು. "ಇನ್ನೊಂದ್ಸಲ ಹಾಕು."

ಮತ್ತೆ ಹಾಕಿದೆ. ಈ ಸಲ ಅವರು ನೀರನ್ನು ನೋಡಲಿಲ್ಲ. ಮೇಲಿನ ಬಸ್ಸುಗಳನ್ನು ನೋಡಿದರು. ಕಿಟಕಿಗಳೆಲ್ಲ ಮುಚ್ಚಿರುವುದನ್ನು ನೋಡಿ, "ಈಗ ಎಸಿ ಹಾಕಿದಾರೆ ಅನ್ಸುತ್ತೆ. ನಮ್ಮ ಕಾಲದಲ್ಲಿ ಹುಡುಗ್ರು ಬೆಂದೋಗ್ತಿದ್ರು" ಎಂದರು. ಆ ಬಸ್ಸುಗಳಲ್ಲಿ ಎಷ್ಟು ಜನ ಹಿಡಿಸಬಹುದು, ಈಗಿನ ಡ್ರೈವರ್‌ಗಳಿಗೆ ವಾರಕ್ಕೊಂದು ರಜೆ ಇರಬಹುದೇ ಎಂದೆಲ್ಲ ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ತಿಳ್ಕೊಂಡು ಹೇಳು ಎಂದರು.

ತಿಳಿದುಕೊಳ್ಳಲು ಬ್ರಿಸ್ಬೇನಿನ ಹಳೆಯ ಅಧಿಕಾರಿಗೆ ಬರೆದೆ. ಉತ್ತರ ಬರುವುದಕ್ಕೆ ಸ್ವಲ್ಪ ದಿನ ಹಿಡಿಯಿತು. ಬಂದ ದಿನ ಅದನ್ನು ಅವರಿಗೆ ಓದಿ ಹೇಳಿದೆ. ಎಸಿ ಇದೆ, ಶುಕ್ರವಾರ ರಜೆ. ಅವರು ತೃಪ್ತಿಯಿಂದ ತಲೆಯಾಡಿಸಿ, ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ಬಿಸಿಲಿಗೆ ಹೊರಟರು.